ಬೆಟಗೇರಿಯ ಜರ್ಮನ್ ದವಾಖಾನಿ, ಹುಬ್ಬಳ್ಳಿಯ ಜರ್ಮನ್ ಕ್ಲಾಸು

ನನ್ನ ಅಕ್ಕನ ಮಗಳು ಈಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷವಾಗಿದೆ. ರಾತ್ರಿಪಾಳಿ ಮುಗಿಸಿ ಬಂದು ಒಂದು ತಾಸು ಮಲಗುತ್ತಾಳೆ, ಎದ್ದು ಕ್ಲಾಸಿಗೆ ಹೋಗುತ್ತಾಳೆ. ಜರ್ಮನಿಯಲ್ಲಿ ನರ್ಸ್ ಆಗಬೇಕೆಂದರೆ ಬಿ1, ಬಿ2 ಮಟ್ಟದ ಭಾಷಾ ಪರೀಕ್ಷೆ ಪಾಸಾಗಲೇಬೇಕು. ಅವಳ ಕ್ಲಾಸಿನಲ್ಲಿ ಗದಗ, ರಾಣೇಬೆನ್ನೂರು, ಹಾನಗಲ್ ಕಡೆಯ ಹುಡುಗಿಯರೂ ಇದ್ದಾರಂತೆ.

ನಮ್ಮದು ಬೆಟಗೇರಿ ಮೂಲದ ಮನೆತನ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಸಭೆಯವರು, ಎಂದರೆ ಅದರ ಚರ್ಚಿನವರು. ಗದಗ ಸ್ಟೇಷನ್ನಿನಲ್ಲಿ ಇಳಿದು ಆಟೋದವರಿಗೆ 'ಜರ್ಮನ್ ದವಾಖಾನಿ' ಎಂದರೆ ಸಾಕು, ಮುಂದೆ ಏನೂ ಹೇಳಬೇಕಾಗಿಲ್ಲ. ಈಗ ಅದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಸ್ಪತ್ರೆ. ಅಲ್ಲಿ ಜರ್ಮನ್ ವೈದ್ಯರು ಇಲ್ಲದೆ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಮಿಷನ್ ದವಾಖಾನೆಯಲ್ಲಿ ತರಬೇತಿ ಪಡೆದು, ಮೂವತ್ತಕ್ಕೂ ಹೆಚ್ಚು ವರ್ಷ ಹೆರಿಗೆ ವಾರ್ಡಿನಲ್ಲೇ ಕಳೆದ ನನ್ನ ಚಿಕ್ಕಮ್ಮ ಈ ಕ್ಲಾಸಿನ ಸುದ್ದಿ ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: 'ಆವಾಗ ಅವ್ರು ಕನ್ನಡ ಕಲ್ತು ಇಲ್ಲಿಗೆ ಬಂದ್ರು. ಈಗ ನಮ್ಮ ಹುಡಿಗ್ಯಾರು ಅವ್ರ ಭಾಷಾ ಕಲ್ತು ಅಲ್ಲಿಗೆ ಹೊಂಟಾರ. ಹೋಗ್ಲಿ, ಚಲೋ ಆಗ್ಲಿ. ಆದ್ರ ಇಲ್ಲಿ ಯಾರಿರ್ತಾರ?'

ಈ ಲೇಖನಕ್ಕೆ ಕಾರಣವಾದದ್ದು ಚಿಕ್ಕಮ್ಮನ ಆ ಕೊನೆಯ ಮಾತು. ನಮ್ಮ ಸಭೆಗಳಲ್ಲಿ ವರ್ಷಕ್ಕೊಂದು ಸಲವಾದರೂ ವೈದ್ಯರ, ದಾದಿಯರ 'ಕರೆ'ಯ ಬಗ್ಗೆ ಪ್ರಸಂಗ, ಎಂದರೆ ಧರ್ಮೋಪದೇಶ, ಇರುತ್ತದೆ. ದೇವರು ಕರೆಯುತ್ತಾನೆ, ನೀವು ಓಗೊಡಬೇಕು ಎಂದು ಹೇಳುತ್ತಾರೆ. ನಾನೂ ಅದನ್ನು ನಂಬುವವನೇ. ಆದರೆ ಕರೆ ಕೇಳಿಸಿಕೊಂಡ ಹುಡುಗಿ ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು, ಅವಳಿಗೆ ಕಲಿಸುವವರು ಯಾರು, ಫೀ ಕಟ್ಟುವವರು ಯಾರು, ಅವಳು ಇರುವುದಕ್ಕೆ ಮನೆ ಎಲ್ಲಿ ಎಂಬುದನ್ನು ಆ ಪ್ರಸಂಗ ಹೇಳುವುದಿಲ್ಲ. ಹಳೆಯ ಮಿಷನ್ನುಗಳು ಇವಕ್ಕೆಲ್ಲ ಉತ್ತರ ಇಟ್ಟುಕೊಂಡಿದ್ದವು. ಈಗ ನಮ್ಮಲ್ಲಿ ಉತ್ತರ ಇಲ್ಲ. ತಲೆಮಾರಿನ ಮನಸ್ಸು ಕೆಟ್ಟಿದೆ ಎಂದು ದೂರುವುದಕ್ಕಿಂತ ಮೊದಲು ಇದನ್ನು ನೋಡಬೇಕು.

1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಘಟ್ಟದ ಮೇಲೆ ಹರಡಿತು. ಧಾರವಾಡದ ಮಂದಿಗೆ ಬಾಸೆಲ್ ಮಿಷನ್ ಎಂದರೆ ಹೈಸ್ಕೂಲು, ಕಿಟೆಲ್ ಕಾಲೇಜು, 1894ರಲ್ಲಿ ಹೊರಬಂದ ಕಿಟೆಲ್ಲರ ನಿಘಂಟು. ಮಂಗಳೂರಿನವರಿಗೆ ಹಂಚಿನ ಕಾರ್ಖಾನೆ, ಮಗ್ಗ. ದವಾಖಾನೆ ಬಂದದ್ದು ಬಹಳ ತಡವಾಗಿ. ಭಾರತಕ್ಕೆ ಬಾಸೆಲ್ ಮಿಷನ್ನಿನ ವೈದ್ಯ ಡಾ. ಲೀಬೆಂಡಾರ್ಫರ್ 1886ರಲ್ಲಿ ಕಲ್ಲಿಕೋಟೆಗೆ ಬಂದರು. ಬೆಟಗೇರಿಯಲ್ಲಿ ಆಸ್ಪತ್ರೆ ಎದ್ದದ್ದು 20ನೇ ಶತಮಾನದ ಮೊದಲ ವರ್ಷಗಳಲ್ಲಿ. ಅಂದರೆ ಮಿಷನ್ ಈ ಊರಿಗೆ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಆ ಹೊತ್ತಿಗೆ ಶಾಲೆ ಇತ್ತು, ಸಭೆ ಇತ್ತು, ಓದು ಬಲ್ಲ ಹುಡುಗ ಹುಡುಗಿಯರು ಇದ್ದರು, ನೇಕಾರರ ಓಣಿಯಲ್ಲಿ ಪರಿಚಯ ಇತ್ತು. ಆಸ್ಪತ್ರೆಗೆ ಕಂಪೌಂಡರ್, ದಾದಿ, ಗುಮಾಸ್ತ ಬೇಕಾದಾಗ ಊರಲ್ಲೇ ಸಿಕ್ಕರು. ನಮ್ಮ ಕಡೆ ಸ್ಟೆತಾಸ್ಕೋಪ್ ಬಂದದ್ದು ಬೇರೂರಿದ ಒಂದು ಸಂಸ್ಥೆಯ ಕೈ ಹಿಡಿದು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಾಸೆಲ್ ಮಿಷನ್ ತನ್ನವರಿಗೆ ಮೊದಲು ಸ್ಥಳದ ಭಾಷೆ ಕಲಿಸುತ್ತಿತ್ತು, ಆಮೇಲೆ ಕೆಲಸ ಕೊಡುತ್ತಿತ್ತು. ರೋಗಿಯ ಮಾತು ತಿಳಿಯದ ವೈದ್ಯ ಅರ್ಧ ಕುರುಡ. ಗದಗಿನ ಓಪಿಡಿಯಲ್ಲಿ ಒಂದು ತಾಸು ಕೂತು ನೋಡಿ. 'ಎದಿ ಝಲ್ ಅಂತೈತ್ರಿ', 'ಮೈ ಕೈ ನುಚ್ಚ ಆಗೇತ್ರಿ', 'ಬೆಳಗಿಂದ ಸಂಕಟ ಆಗಾಕ ಹತ್ತೇತಿ' ಎನ್ನುವವರು ಹೇಳುತ್ತಿರುವುದು ಪುಸ್ತಕದ ಯಾವ ಲಕ್ಷಣ? 'ಸಂಕಟ'ವನ್ನು ದುಃಖ ಎಂದು ಬರೆದುಕೊಂಡ ಡಾಕ್ಟರು ಓಕರಿಕೆಗೆ ಔಷಧ ಕೊಡುವುದಿಲ್ಲ. ಈಗ ಪರೀಕ್ಷೆಯ ರ‍್ಯಾಂಕು ತಂದು ಬಿಟ್ಟ ಊರಿನಲ್ಲಿ ಓದುವ, ಕಡ್ಡಾಯ ಸೇವೆಯ ಬಾಂಡ್ ಕಳುಹಿಸಿದ ಊರಿನಲ್ಲಿ ದುಡಿಯುವ ಎಳೆಯ ವೈದ್ಯರಿಗೆ ಈ ಮಾತು ಕಲಿಯುವ ವ್ಯವಧಾನವನ್ನು ನಾವು ಕೊಟ್ಟಿಲ್ಲ. ಅವರ ತಪ್ಪೆಂದು ನಾನು ಹೇಳುತ್ತಿಲ್ಲ.

ವೈದ್ಯಕೀಯ ಸೇವೆಯ ಪ್ರಸಂಗಗಳಲ್ಲಿ ತಪ್ಪದೇ ಬರುವ ಕಥೆ ಐಡಾ ಸ್ಕಡರ್ ಅವರದು. ತಮಿಳುನಾಡಿನ ತಿಂಡಿವನದಲ್ಲಿ ಮಿಷನರಿ ವೈದ್ಯರ ಮಗಳಾಗಿ ಇದ್ದಾಗ ಒಂದೇ ರಾತ್ರಿ ಮೂರು ಮನೆಯವರು ಬಂದು ಬಾಗಿಲು ಬಡಿದರು. ಹೆರಿಗೆಯಲ್ಲಿ ಒದ್ದಾಡುತ್ತಿದ್ದ ಮೂವರು ಹೆಂಗಸರು. ಗಂಡಸು ಡಾಕ್ಟರ್ ಮುಟ್ಟುವಂತಿಲ್ಲ, ಐಡಾಗೆ ವೈದ್ಯಕೀಯ ಗೊತ್ತಿಲ್ಲ. ಬೆಳಗಾಗುವುದರೊಳಗೆ ಮೂವರೂ ತೀರಿಕೊಂಡರು. ಅಮೆರಿಕಕ್ಕೆ ಮರಳಿ ಸುಖವಾಗಿರಬೇಕೆಂದಿದ್ದ ಆ ಹುಡುಗಿ ವೈದ್ಯೆಯಾಗಿ ತಿರುಗಿ ಬಂದಳು. ಈ ಕಥೆ ಕೇಳಿದಾಗಲೆಲ್ಲ ನನಗೆ ಈಗಲೂ ಗಂಟಲು ಬಿಗಿಯುತ್ತದೆ.

ಆದರೆ ನಾವು ಕಥೆಯನ್ನು ಆ ರಾತ್ರಿಗೇ ನಿಲ್ಲಿಸಿಬಿಡುತ್ತೇವೆ. ಮುಂದಿನದು ಕೇಳಿ. 1900ರಲ್ಲಿ ವೆಲ್ಲೂರಿನಲ್ಲಿ ಒಂದು ಹಾಸಿಗೆಯ ದವಾಖಾನೆ. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ. 1909ರಲ್ಲಿ ದಾದಿಯರ ಶಾಲೆ. 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ. 1947ರಲ್ಲಿ ಗಂಡುಮಕ್ಕಳಿಗೂ ಪ್ರವೇಶ. ಇಂದಿನ ಸಿಎಂಸಿ, ಎಂದರೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಳೆದದ್ದು ಹೀಗೆ. ಒಂದು ರಾತ್ರಿಯ ಕರೆಯನ್ನು ಆಕೆ ಇಡೀ ಜೀವನ ಸವೆಸಿ ಒಂದು ಏರ್ಪಾಡಾಗಿ ಮಾಡಿದರು, ತನ್ನಂತೆ ಕನಸು ಬೀಳದ ಹುಡುಗಿಯರೂ ಅದರೊಳಗೆ ಬಂದು ಒಳ್ಳೆಯ ನರ್ಸ್ ಆಗಿ ಹೊರಗೆ ಹೋಗುವಂತೆ. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಮಿರಜ. ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಾನ್‌ಲೆಸ್ 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಿಂದ ಜನ ರೈಲು ಹತ್ತಿ ಹೋಗುತ್ತಿದ್ದರು. 'ಮಿರಜಕ್ಕ ಒಯ್ದ್ರು' ಎಂದರೆ ಕಾಯಿಲೆ ಗಟ್ಟಿಯಾಗಿದೆ ಎಂದೇ ಅರ್ಥ. ಅಲ್ಲಿಯೂ ಆಸ್ಪತ್ರೆಯ ಬೆನ್ನಿಗೇ ಕಲಿಸುವ ಕೆಲಸ ಬಂತು.

ಈ ಏರ್ಪಾಡು ಒಳಗೆ ಹೇಗೆ ನಡೆಯುತ್ತಿತ್ತು ಎಂಬುದನ್ನು ನಾನು ಚಿಕ್ಕಮ್ಮನ ಬಾಯಿಂದಲೇ ಕೇಳಿದ್ದೇನೆ. ದಾದಿಯ ಕೆಲಸ ಆಗ ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸ ಆಗಿರಲಿಲ್ಲ. ರಕ್ತ, ಮಲ, ಮೂತ್ರ ಮುಟ್ಟಬೇಕು, ಯಾವ ಜಾತಿಯವರ ಮೈಯನ್ನಾದರೂ ಒರೆಸಬೇಕು, ರಾತ್ರಿ ಹೊರಗಿರಬೇಕು. ಮಡಿ ಮೈಲಿಗೆಯ ಗೋಡೆ ಅಷ್ಟು ಎತ್ತರವಿದ್ದಾಗ ಮೊದಲು ಒಳಗೆ ಬಂದವರು ಕ್ರೈಸ್ತ ಮನೆಗಳ ಹುಡುಗಿಯರು, ವಿಧವೆಯರು, ಅನಾಥರು. ಅವರಿಗೆ ಬೇರೆ ದಾರಿ ಕಡಿಮೆ ಇತ್ತು ಎಂಬುದನ್ನೂ ಮುಚ್ಚಿಡಬಾರದು. 'ಕರೆ' ಎಂದು ನಾವು ಕರೆಯುವುದರಲ್ಲಿ ಬಡತನದ ಪಾಲು ಕೂಡ ಇತ್ತು. ಆದರೆ ಬಂದವರನ್ನು ಆ ವ್ಯವಸ್ಥೆ ಗೌರವದಿಂದ ನಿಲ್ಲಿಸಿತು. ಬಿಳಿ ಸೀರೆ, ಕ್ಯಾಪು, ಕ್ವಾರ್ಟರ್ಸು, ಮಕ್ಕಳಿಗೆ ಕಾಂಪೌಂಡಿನಲ್ಲೇ ಶಾಲೆ, ಬೆಳಿಗ್ಗೆ ವಾರ್ಡಿಗೆ ಹೋಗುವ ಮುನ್ನ ಎಲ್ಲರೂ ಸೇರಿ ಒಂದು ಪ್ರಾರ್ಥನೆ. ಚಿಕ್ಕಮ್ಮ ಹೇಳುವ ಪ್ರಕಾರ ಆ ಹತ್ತು ನಿಮಿಷಗಳಲ್ಲಿ ಡಾಕ್ಟರು, ಆಯಾ, ವಾಚ್‌ಮನ್ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. 'ರಾತ್ರಿ ಕೂಸು ಸತ್ತಿದ್ರ ಅಲ್ಲೇ ಅತ್ತು ಮುಗಸ್ತಿದ್ವಿ, ಆಮ್ಯಾಲೆ ವಾರ್ಡಿಗೆ ಹೋಗ್ತಿದ್ವಿ' ಎನ್ನುತ್ತಾಳೆ. ದಣಿವಿಗೆ, ಬೇಗುದಿಗೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಅವತ್ತು ಅದಕ್ಕೊಂದು ಬೆಂಚು ಇತ್ತು.

ಹಣದ ಲೆಕ್ಕವೂ ಸರಳವಾಗಿತ್ತು. ಹೊರದೇಶದ ಸಭೆಗಳ ಕಾಣಿಕೆ ಒಂದಿಷ್ಟು. ಉಳ್ಳವರು ಸ್ಪೆಷಲ್ ವಾರ್ಡಿಗೆ ಕೊಡುವ ದುಡ್ಡು ಜನರಲ್ ವಾರ್ಡಿನ ಬಡವರ ಬಿಲ್ಲಿಗೆ ಹೋಗುತ್ತಿತ್ತು. ವೈದ್ಯರು ಬರುತ್ತಿದ್ದುದು ವೆಲ್ಲೂರಿನಂಥ ಕಡೆಯಿಂದ: ಡಯಾಸಿಸ್ (ಒಬ್ಬ ಬಿಷಪ್ಪರ ಕೈಕೆಳಗಿನ ಸಭೆಗಳ ವಲಯ) ಒಬ್ಬ ವಿದ್ಯಾರ್ಥಿಯನ್ನು ಸ್ಪಾನ್ಸರ್ ಮಾಡುತ್ತದೆ, ಓದು ಮುಗಿಸಿದವನು ಎರಡು ವರ್ಷ ಆ ಸಭೆಯ ಆಸ್ಪತ್ರೆಯಲ್ಲಿ ದುಡಿಯುತ್ತಾನೆ. ಎರಡು ವರ್ಷಕ್ಕೆಂದು ಬಂದವರಲ್ಲಿ ಕೆಲವರು ಇಪ್ಪತ್ತು ವರ್ಷ ನಿಂತರು.

ಈ ಕಂಬಗಳು ಒಂದೊಂದಾಗಿ ಅಲುಗಾಡಿದವು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಹಿಡಿದಿಟ್ಟಾಗಲೇ ಮೊದಲ ಪೆಟ್ಟು ಬಿತ್ತು. ಸ್ವಾತಂತ್ರ್ಯದ ನಂತರ ಆಡಳಿತ ನಮ್ಮವರ ಕೈಗೆ ಬಂತು, ಅದು ಬರಲೇಬೇಕಾಗಿತ್ತು, ಆದರೆ ಕಾಣಿಕೆಯ ಹರಿವು ಕಡಿಮೆಯಾಯಿತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಇನ್ನಷ್ಟು ಬಿಗಿ ಮಾಡಿತು. ಬಂದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ 50ರಿಂದ 20 ಪ್ರತಿಶತಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಹಣ ಪಡೆದು ಸಣ್ಣ ಊರಿನ ದವಾಖಾನೆಗೆ ಕಳುಹಿಸುವ ದಾರಿ ಇದರಿಂದ ಮುಚ್ಚಿತು.

ವೈದ್ಯಕೀಯ ಸೀಟಿಗೆ ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆಯಾದ ನೀಟ್ ಕಥೆ ಬೇರೆ. ಸ್ವಂತ ಆಯ್ಕೆ ಪದ್ಧತಿ ಬಿಡಬೇಕಾದೀತೆಂದು 2017ರಲ್ಲಿ ಸಿಎಂಸಿ ತನ್ನ ಎಂಬಿಬಿಎಸ್ ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ಉಳಿದವನ್ನು ಖಾಲಿ ಬಿಟ್ಟಿತು. 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯ ಎಂದು ತೀರ್ಪು ಕೊಟ್ಟಿತು. ನನಗೆ ಕೋರ್ಟಿನ ಮಾತಿನಲ್ಲೂ ನ್ಯಾಯ ಕಾಣುತ್ತದೆ. ಸೀಟು ಮಾರುವ ಖಾಸಗಿ ಕಾಲೇಜುಗಳನ್ನು ಹದ್ದುಬಸ್ತಿನಲ್ಲಿಡಲು ಒಂದೇ ಪರೀಕ್ಷೆ ಬೇಕಿತ್ತು. ಆದರೆ ಹಳ್ಳಿಯ ಆಸ್ಪತ್ರೆಯಲ್ಲಿ ನಿಲ್ಲುವ ಮನಸ್ಸು ಈ ಅಭ್ಯರ್ಥಿಗೆ ಇದೆಯೇ ಎಂದು ದಿನಗಟ್ಟಲೆ ಮಾತಾಡಿಸಿ ನೋಡುವ ಪದ್ಧತಿಯ ತೂಕ ಕಡಿಮೆಯಾಯಿತು. ರ‍್ಯಾಂಕು ಮನಸ್ಸನ್ನು ಅಳೆಯುವುದಿಲ್ಲ. ಮುಂಡರಗಿಯ ಹುಡುಗಿ ರಾಜಸ್ಥಾನದ ಕೋಟಾ ಊರಿನ ಕೋಚಿಂಗ್ ಪಡೆದವರ ಜೊತೆ ಓಡಬೇಕು.

ಅತ್ತ ಸರ್ಕಾರ ಸೀಟುಗಳನ್ನು ಹೆಚ್ಚಿಸಿದೆ, ಇದು ಒಳ್ಳೆಯ ಸುದ್ದಿ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದಾಗ ಈ ಭಾಗಕ್ಕೆಲ್ಲ ಅದೊಂದೇ. 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗಿಗೆ 2015ರಲ್ಲಿ, ಹಾವೇರಿಗೆ 2022ರಲ್ಲಿ ತಮ್ಮದೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದವು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇದರಲ್ಲಿ ಸಣ್ಣ ಮಿಷನ್ ಆಸ್ಪತ್ರೆಯ ಜಾಗ ಎಲ್ಲಿ? ತುರ್ತು ಅಲ್ಲದ ರೋಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ತರಬೇಕು. ದರ ನಿಗದಿಯಾಗಿರುತ್ತದೆ. ಉಳ್ಳವರು ಹುಬ್ಬಳ್ಳಿಯ ಸೂಪರ್ ಸ್ಪೆಷಾಲಿಟಿಗೆ ಹೋಗುತ್ತಾರೆ. ಅವರು ಸ್ಪೆಷಲ್ ವಾರ್ಡ್ ಬಿಟ್ಟಾಗ ಜನರಲ್ ವಾರ್ಡಿನ ಲೆಕ್ಕವೇ ಕುಸಿಯುತ್ತದೆ.

ಬಡವರಿಗೆ ಸರ್ಕಾರವೇ ಚಿಕಿತ್ಸೆ ಕೊಡುತ್ತಿದ್ದರೆ ಮಿಷನ್ ಆಸ್ಪತ್ರೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಹಳೆಯ ಕೆಲಸವನ್ನೇ ಹಿಡಿದು ಕೂರುವುದಾದರೆ ಬೇಡ. ಆದರೆ ಕಾರ್ಡು ತೋರಿಸಿ ಬಗೆಹರಿಯದ ನೋವುಗಳು ಉಳಿದೇ ಇವೆ. ಗುಣವಾಗದ ಕ್ಯಾನ್ಸರ್ ಇರುವ ಮುದುಕನನ್ನು 'ಮನೆಗೆ ಕರ್ಕೊಂಡು ಹೋಗ್ರಿ' ಎಂದು ಕಳುಹಿಸಿದ ಮೇಲೆ ಅವನ ನೋವು ಯಾರದು? ಲಕ್ವ ಹೊಡೆದು ಮಲಗಿದವರ ಬೆನ್ನಿನ ಹುಣ್ಣನ್ನು ದಿನಾ ತೊಳೆಯುವವರು ಯಾರು? ಕುಡಿತ ಬಿಡಬೇಕೆಂದು ಬಂದವನ ಜೊತೆ ಆರು ತಿಂಗಳು ನಿಲ್ಲುವವರು ಯಾರು? ಮಕ್ಕಳು ಬೆಂಗಳೂರು, ಪುಣೆ ಸೇರಿ ಮುದುಕ ಮುದುಕಿಯರಷ್ಟೇ ಉಳಿದ ಮನೆಗಳು ಶಿರಹಟ್ಟಿ, ಸವಣೂರು, ಹಿರೇಕೆರೂರು ಕಡೆ ಎಷ್ಟಿವೆ ಎಂದು ಒಂದು ಸಂಜೆ ಓಡಾಡಿದರೆ ಗೊತ್ತಾಗುತ್ತದೆ. ಇವು ಯಂತ್ರ ಬೇಡುವ ಕೆಲಸಗಳಲ್ಲ, ಮನುಷ್ಯರನ್ನು ಬೇಡುವ ಕೆಲಸಗಳು. ಹೆಚ್ಚಿನವು ನರ್ಸ್‌ಗಳ ಕೆಲಸ. ಗದಗ ಇದನ್ನು ಬಲ್ಲ ಊರು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ, ಅನ್ನ, ಆಸರೆ ಕೊಟ್ಟ ವೀರೇಶ್ವರ ಪುಣ್ಯಾಶ್ರಮ ಇರುವ ಊರು. ಕಾಯಕ, ದಾಸೋಹ ಎಂದು ಇಲ್ಲಿನವರು ಹೇಳುವುದಕ್ಕೂ ನಮ್ಮ ಸಭೆಯಲ್ಲಿ ಕರೆ, ಸೇವೆ ಎನ್ನುವುದಕ್ಕೂ ಬೇರು ಬೇರೆ ಇರಬಹುದು, ನೆರಳು ಬೀಳುವುದು ಒಂದೇ ಅಂಗಳದಲ್ಲಿ.

ಬಾಂಡ್ ಹಾಕಿ ಇದನ್ನು ಮಾಡಿಸಬಹುದೇ? ರಾಜ್ಯ 2012ರಲ್ಲೇ ಕಾಯ್ದೆ ತಂದು ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆ ವಿಧಿಸಿತು, ಆಮೇಲೆ ಖಾಲಿ ಹುದ್ದೆ ಇದ್ದಷ್ಟಕ್ಕೆ ಎಂದು ಸಡಿಲಿಸಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವೂ ಇದೆ. ನಾನು ಇವನ್ನು ವಿರೋಧಿಸುವುದಿಲ್ಲ. ಜನರ ತೆರಿಗೆಯಿಂದ ಓದಿದವರು ಜನರಿಗೆ ಒಂದು ವರ್ಷ ಕೊಡಲಿ. ಆದರೆ ವೆಲ್ಲೂರಿನ ಎರಡು ವರ್ಷಕ್ಕೂ ಸರ್ಕಾರದ ಒಂದು ವರ್ಷಕ್ಕೂ ಕಾಗದದ ಮೇಲೆ ಇಲ್ಲದ ಒಂದು ವ್ಯತ್ಯಾಸ ಇದೆ. ಅಲ್ಲಿ ಹುಡುಗನನ್ನು ಕಳುಹಿಸಿದ ಸಭೆಯೇ ಅವನಿಗಾಗಿ ಕಾಯುತ್ತಿತ್ತು. ಇಲ್ಲಿ ಅವನಿಗಾಗಿ ಯಾರೂ ಕಾಯುತ್ತಿಲ್ಲ. ಬೀಗ ಹಾಕಿದ ಕ್ವಾರ್ಟರ್ಸು, ಅರ್ಧ ಖಾಲಿ ಔಷಧ ಕಪಾಟು, ಜಗಳಕ್ಕೆ ಬರುವ ಪುಢಾರಿ. ದಿನ ಎಣಿಸದೆ ಇನ್ನೇನು ಮಾಡುತ್ತಾನೆ?

ಈಗ ಹೇಳಲು ಕಷ್ಟವಾಗುವ ಮಾತಿಗೆ ಬರುತ್ತೇನೆ. ನನ್ನ ಅಕ್ಕನ ಮಗಳು ಮೊದಲು ಸೇರಿದ್ದು ಸೇವೆಯ ಹೆಸರಿನಲ್ಲೇ ನಡೆಯುವ ಒಂದು ಆಸ್ಪತ್ರೆಗೆ. ರಾತ್ರಿಪಾಳಿಯಲ್ಲಿ ಒಬ್ಬಳೇ ಒಂದು ವಾರ್ಡ್ ನೋಡಬೇಕಿತ್ತು. ಸಂಬಳದಲ್ಲಿ ಹಾಸ್ಟೆಲು, ಊಟ ಕಳೆದರೆ ಮನೆಗೆ ಕಳುಹಿಸಲು ಏನೂ ಉಳಿಯುತ್ತಿರಲಿಲ್ಲ. ಆರು ತಿಂಗಳ ನಂತರ ಹೆಚ್ಚು ಕೇಳಿದಾಗ ಸಿಕ್ಕ ಉತ್ತರ: 'ಸೇವೆಗೆ ಬಂದವರು ಸಂಬಳದ ಮಾತು ಆಡಬಾರದು.' ಅವಳು ಆ ರಾತ್ರಿ ನನಗೆ ಫೋನ್ ಮಾಡಿ ಕೇಳಿದಳು: 'ಮಾಮಾ, ಹಂಗಾದ್ರ ನಂಗ ಕರೆ ಇಲ್ಲೇನು?'

ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ದೇವರ ಹೆಸರು ಹೇಳಿ ಹೆಣ್ಣುಮಕ್ಕಳ ಕೂಲಿ ಹಿಡಿಯುವುದು ಪಾಪ, ಅದಕ್ಕೆ ಬೇರೆ ಮೆತ್ತನೆಯ ಪದ ಹುಡುಕಲಾರೆ. ಕೂಲಿಕಾರನ ಕೂಲಿ ಹಿಡಿಯಬಾರದೆಂದು ನಮ್ಮ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲೇ ಕಲಿಸುತ್ತೇವೆ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ಕೇಂದ್ರ ರಚಿಸಿದ ಸಮಿತಿ ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸಂಬಳಕ್ಕೆ ಒಂದು ತಳ ಹೇಳಿದೆ: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮ, ಹಾಸಿಗೆ ಕಡಿಮೆಯಾದಂತೆ ಒಂದಿಷ್ಟು ಕಡಿಮೆ, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದು. ಇದು ಶಿಫಾರಸು ಮಾತ್ರ, ಪಾಲಿಸುವವರು ವಿರಳ. ಮಿಷನ್ ಎಂದು ಹೇಳಿಕೊಳ್ಳುವ ಆಸ್ಪತ್ರೆಗಳು ಕಾನೂನಿಗೆ ಕಾಯದೆ ಇದನ್ನು ಮೊದಲು ಪಾಲಿಸಬೇಕಿತ್ತು. ಆಗದಿದ್ದರೆ ಹಾಸಿಗೆ ಕಡಿಮೆ ಮಾಡಲಿ.

ಮತಾಂತರದ ಮಾತನ್ನು ದಾಟಿಕೊಂಡು ಹೋದರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ. ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣದಂಥವನ್ನು ಆಮಿಷ ಎಂದು ಹೆಸರಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಸಂಶಯ ಜನರ ಮನಸ್ಸಿನಲ್ಲಿದೆ, ಅದಕ್ಕೆ ಚರಿತ್ರೆಯಲ್ಲಿ ಕಾರಣವೂ ಇದೆ. ಹಳೆಯ ಮಿಷನರಿಗಳು ಆಸ್ಪತ್ರೆಯನ್ನು ಸುವಾರ್ತೆಯ ಬಾಗಿಲು ಎಂದೇ ಬರೆದರು. ನನ್ನ ನಿಲುವು ಇಷ್ಟು: ಹಾಸಿಗೆಯ ಮೇಲೆ ಮಲಗಿದವನು ಎದ್ದು ಹೋಗಲಾರ, ಆದ್ದರಿಂದ ಅವನ ಮುಂದೆ ಬೋಧನೆ ಮಾಡುವ ಹಕ್ಕು ನಮಗಿಲ್ಲ. ಬೈಬಲಿನ ಕಥೆಯಲ್ಲಿ ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಸುರಿದ ಸಮಾರ್ಯದವನು ಅವನ ಮತ ಕೇಳಲಿಲ್ಲ, ತನ್ನದನ್ನೂ ಹೇಳಲಿಲ್ಲ, ಛತ್ರದವನಿಗೆ ದುಡ್ಡು ಕೊಟ್ಟು ಹೋದ. ಕೇಳಿದವರ ಜೊತೆ ಪ್ರಾರ್ಥಿಸೋಣ. ಚಿಕ್ಕಮ್ಮ ಹೆರಿಗೆ ಮಾಡಿಸಿದ ಸಾವಿರಾರು ತಾಯಂದಿರಲ್ಲಿ ಲಿಂಗಾಯತರು, ಮುಸಲ್ಮಾನರು, ಕುರುಬರು, ದಲಿತರು ಎಲ್ಲರೂ ಇದ್ದರು. ಇಂದಿಗೂ ಬೆಟಗೇರಿ ಸಂತೆಯಲ್ಲಿ ಅವಳನ್ನು ನಿಲ್ಲಿಸಿ 'ಸಿಸ್ಟರ್, ಇಂವಾ ನೀವ ಎತ್ತಿದ ಕೂಸು' ಎಂದು ಗಡ್ಡ ಬಂದ ಮಗನನ್ನು ತೋರಿಸುತ್ತಾರೆ.

ಹಾಗಾದರೆ ಈ ಜರ್ಮನ್ ಕ್ಲಾಸು? ಕೇರಳ 2021ರಲ್ಲೇ ಹೊರನಾಡ ಕೇರಳಿಗರಿಗಾಗಿ ಇರುವ ತನ್ನ ನೋರ್ಕಾ ಸಂಸ್ಥೆಯ ಮೂಲಕ ಜರ್ಮನಿಯ ಉದ್ಯೋಗ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಹುಡುಗಿಯರೂ ಹೋಗುತ್ತಾರೆ. ಹೋಗುವವಳು ಕರೆಗೆ ಬೆನ್ನು ತಿರುಗಿಸಿದಳೆಂದು ನಾನು ಹೇಳಲಾರೆ. ಅಲ್ಲಿಯ ಮುದುಕರೂ ಮುದುಕರೇ, ಅವರ ಹುಣ್ಣೂ ಹುಣ್ಣೇ. ತಮ್ಮನ ಓದು, ಅಪ್ಪನ ಸಾಲ, ಮನೆಯ ತಗಡು ಅವಳ ಮೇಲಿವೆ.

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಅವಳನ್ನು ನೇರವಾಗಿ ಕೇಳಿದೆ: ಇಲ್ಲೇ ಇರಬೇಕೆಂದರೆ ನಿನಗೆ ಏನು ಬೇಕು? ಅವಳು ಯೋಚಿಸಿ ಹೇಳಿದಳು. ಸರ್ಕಾರಿ ನರ್ಸ್‌ಗೆ ಸಿಗುವಷ್ಟು ಸಂಬಳ. ರಾತ್ರಿ ಹೆದರದೆ ಮಲಗುವಂಥ ಕ್ವಾರ್ಟರ್ಸು. ವಾರ್ಡಿನಲ್ಲಿ ಜೊತೆಗೆ ಇನ್ನೊಬ್ಬಳು. ಮೂರು ವರ್ಷ ದುಡಿದರೆ ಎಂಎಸ್ಸಿ ನರ್ಸಿಂಗಿಗೆ ಯಾರಾದರೂ ಕಳುಹಿಸುತ್ತೇವೆಂಬ ಮಾತು. ಮನೆ ಮನೆಗೆ ಹೋಗಿ ಮಲಗಿದವರನ್ನು ನೋಡುವ ಕೆಲಸ ಅವಳಿಗೆ ಇಷ್ಟ, ತರಬೇತಿಯಲ್ಲಿದ್ದಾಗ ಮಾಡಿದ್ದಾಳೆ. 'ಇಷ್ಟು ಯಾರಾದ್ರೂ ಬರದ್ ಕೊಟ್ರ ನಾ ಎಲ್ಲಿಗೂ ಹೋಗಂಗಿಲ್ಲ ಮಾಮಾ' ಅಂದಳು.

ಆ ಪಟ್ಟಿಯನ್ನು ಅವತ್ತೇ ಸಭೆಯ ಹಿರಿಯರ ಮುಂದೆ ಇಟ್ಟೆ. ಒಂದು ಸಭೆಯಿಂದ ಆಗುವ ಮಾತಲ್ಲ, ಆದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಸಭೆಗಳು ಕೂಡಿ ಇಬ್ಬರು ನರ್ಸ್‌ಗಳ ಸಂಬಳ, ಒಂದು ಬಾಡಿಗೆ ಮನೆ, ಒಂದು ಸ್ಕೂಟರ್ ಹೊತ್ತರೆ ಎರಡು ತಾಲ್ಲೂಕಿನ ಮಲಗಿದ ರೋಗಿಗಳಿಂದ ಶುರು ಮಾಡಬಹುದು ಎಂದು ಲೆಕ್ಕ ಬರೆದುಕೊಟ್ಟೆ. ಮುಂದಿನ ಸಮಿತಿಯಲ್ಲಿ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಅವಳ ಬಿ1 ಪರೀಕ್ಷೆ ಅದಕ್ಕಿಂತ ಎರಡು ವಾರ ಮೊದಲಿದೆ.